ಗಂಡು ಮೀನಿಗೆ ತಂತಿಯಿಲ್ಲ

ದೊಡ್ಡ ಸೊಸೆಗೆ ಕೈಗುಣ ಇರಲಿಲ್ಲ. ಮನೆಯವರು ಹಾಗೆಂದು ತೀರ್ಮಾನಿಸುವ ಮೊದಲು ಒಂಬತ್ತು ವರ್ಷ, ಆ ಮೀನುಮರಿ ಕೇಂದ್ರದಲ್ಲಿ ಅವಳಷ್ಟು ಕೈಗುಣ ಇನ್ಯಾರಿಗೂ ಇಲ್ಲವೆಂದು ಅದೇ ಮನೆಯವರು ಹೇಳಿಕೊಂಡು ತಿರುಗಿದ್ದರು.

ಅಲ್ಲಿಯ ಕೆಲಸ ಹೀಗೆ. ಹೊಟ್ಟೆ ತುಂಬಿದ ಹೆಣ್ಣು ಮೀನನ್ನೂ ಅದಕ್ಕೊಂದು ಗಂಡನ್ನೂ ಕೊಳದಿಂದ ಹಿಡಿದು ಶೆಡ್ಡಿನ ಸಿಮೆಂಟು ತೊಟ್ಟಿಗೆ ಬಿಡಬೇಕು. ಸಂಜೆ ಇಂಜೆಕ್ಷನ್ ಚುಚ್ಚಬೇಕು. ಬೆಳಗಾಗುವ ಹೊತ್ತಿಗೆ ಹೆಣ್ಣಿನ ಹೊಟ್ಟೆಯ ಮೊಟ್ಟೆ ಸಡಿಲಾಗಿರುತ್ತದೆ. ಒದ್ದೆ ಟವಲಿನಲ್ಲಿ ತಲೆ ಮುಚ್ಚಿ, ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಹೊಟ್ಟೆಯನ್ನು ಹೆಬ್ಬೆರಳಿನಿಂದ ಬಾಲದ ಕಡೆಗೆ ಒತ್ತುತ್ತ ಬಂದರೆ ಮೊಟ್ಟೆ ಒಣ ಬೋಗುಣಿಗೆ ಸುರಿಯುತ್ತದೆ. ಜಾಸ್ತಿ ಒತ್ತಿದರೆ ರಕ್ತ ಬರುತ್ತದೆ. ಕಡಿಮೆ ಒತ್ತಿದರೆ ಅರ್ಧ ಒಳಗೇ ಉಳಿದು, ಕೊಳೆತು, ಮೀನು ಸಾಯುತ್ತದೆ. ಮೊಟ್ಟೆಯ ಮೇಲೆ ಗಂಡಿನ ಬಿಳಿ ರಸವನ್ನು ಹಿಂಡಬೇಕು. ಕೆಲಸದವರು ಅದನ್ನು ಹಾಲು ಅನ್ನುತ್ತಾರೆ. ಕೋಳಿ ಗರಿಯಿಂದ ಕಲಸಿ, ನೀರು ಸೇರಿಸಿ, ತೊಳೆದು, ಬುಡದಿಂದ ನೀರು ಉಕ್ಕುತ್ತಿರುವ ಗಾಜಿನ ಜಾಡಿಗೆ ಹಾಕಿದರೆ ಮನುಷ್ಯರ ಕೆಲಸ ಮುಗಿಯಿತು. ಮರುದಿನ ನೋಡಿದಾಗ ಫಲ ಕಟ್ಟಿದ ಮೊಟ್ಟೆ ಜೇನಿನ ಬಣ್ಣದಲ್ಲಿ ತಿಳಿಯಾಗಿರುತ್ತದೆ. ಕಟ್ಟದ ಮೊಟ್ಟೆ ಹಸಿ ಸಬ್ಬಕ್ಕಿಯ ಹಾಗೆ ಬೆಳ್ಳಗಾಗಿರುತ್ತದೆ.

ಹಿಂಡುವ ಕೆಲಸವನ್ನು ಮನೆಯ ಹೆಂಗಸೇ ಮಾಡಬೇಕೆಂಬುದು ಯಜಮಾನನ ನಿಯಮ. ಯಜಮಾನ ಅಂದರೆ ಅವಳ ಮಾವ. ಕೊಳ ತೋಡಿಸಿ, ಶೆಡ್ಡು ಎಬ್ಬಿಸಿ, ಕೇಂದ್ರ ಕಟ್ಟಿದವನು. ಎಪ್ಪತ್ತು ದಾಟಿದ್ದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಡ್ಡಿನ ಮೇಲೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಡೆಯುತ್ತಿದ್ದ. ಮೊದಲು ಅತ್ತೆ ಹಿಂಡುತ್ತಿದ್ದಳು. ಅವಳ ಬೆರಳಿನ ಗೆಣ್ಣುಗಳು ಊದಿದ ಮೇಲೆ ಕೆಲಸ ದೊಡ್ಡ ಸೊಸೆಗೆ ಬಂತು. ಮೊದಲ ಹಂಗಾಮಿನಲ್ಲೇ ಸಾಲು ಜಾಡಿಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದವು. ಮರಿ ಒಯ್ಯಲು ಬಂದವರು ಈ ಸಲ ಯಾರ ಕೈ ಎಂದು ಕೇಳಿದರು. ಯಜಮಾನ ಅವಳನ್ನು ಒಳಗಿನಿಂದ ಕರೆಸಿ ಅವರ ಮುಂದೆ ನಿಲ್ಲಿಸಿದ.

ಮದುವೆಯಾಗಿ ನಾಲ್ಕು ವರ್ಷಕ್ಕೆ ಆ ಮನೆಯಲ್ಲಿ ಅವಳನ್ನು ಯಾರಾದರೂ ಕರೆದು ತೋರಿಸಿದ್ದು ಅದೇ ಮೊದಲು. ಮಕ್ಕಳಾಗದ ಸೊಸೆಯನ್ನು ಯಾರೂ ಕರೆದು ತೋರಿಸುವುದಿಲ್ಲ. ಅಂದಿನಿಂದ ಶೆಡ್ಡು ಅವಳ ಜಾಗವಾಯಿತು. ಅಡುಗೆಮನೆಯಲ್ಲಿ ತಲೆ ತಗ್ಗಿಸಿಕೊಂಡಿರುತ್ತಿದ್ದವಳು ಅಲ್ಲಿ ಟವಲ್ ಎಲ್ಲಿ, ಬೋಗುಣಿ ಯಾಕೆ ಒದ್ದೆ ಎಂದು ಗದರುತ್ತಿದ್ದಳು. ಗಂಡನೂ ಓಡಿ ಹೋಗಿ ತಂದುಕೊಡುತ್ತಿದ್ದ. ಆ ಶೆಡ್ಡು ಕೈತಪ್ಪಿದರೆ ಆ ಮನೆಯಲ್ಲಿ ತನಗೆ ಕಾಲೂರಲು ನೆಲವಿಲ್ಲ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೆಣ್ಣು ಮೀನಿನ ಬೆನ್ನ ರೆಕ್ಕೆಗೆ ಬಣ್ಣದ ತಂತಿ ಕಟ್ಟುವುದು ಅಲ್ಲಿಯ ರೂಢಿ. ಒಂದೊಂದು ವರ್ಷದ ಹೆಣ್ಣಿಗೆ ಒಂದೊಂದು ಬಣ್ಣ. ಕೆಂಪು ಎಲ್ಲಕ್ಕಿಂತ ಹಳೆಯದು, ಆಮೇಲಿನದು ಹಸಿರು, ಹೀಗೆ. ತಂತಿ ನೋಡಿದರೆ ಸಾಕು, ಹೆಣ್ಣಿನ ವಯಸ್ಸು ಗೊತ್ತಾಗುತ್ತಿತ್ತು. ಗಂಡಿಗೆ ತಂತಿಯಿರಲಿಲ್ಲ. ಬಲೆಗಾರ ಒಮ್ಮೆ ಕೇಳಿದ್ದ.

“ತಂತಿ ಮಿಕ್ಕಿದೆ ಯಜಮಾನ್ರೆ. ಗಂಡಿಗೂ ಒಂದೊಂದು ಸುತ್ತು ಹಾಕಿಬಿಡ್ಲಾ?”

“ಗಂಡಿಗೆ ಯಾಕೋ ತಂತಿ? ಅದೇನು ಹೆರಬೇಕಾ?” ಯಜಮಾನ ನಕ್ಕಿದ್ದ. “ಚಿಕ್ಕೋನು ಹುಟ್ಟಿದಾಗ ನಂಗೆ ಐವತ್ತು ದಾಟಿತ್ತು ಗೊತ್ತಾ? ಗಂಡಿಗೆ ವಯಸ್ಸಾಗಲ್ಲ ಕಣೋ. ಬಲಿಯುತ್ತೆ, ಅಷ್ಟೆ.”

ಗಂಡನ್ನು ಆರಿಸುತ್ತಿದ್ದದ್ದು ಗಾತ್ರ ನೋಡಿ. ಬಲೆ ಎಳೆದಾಗ ದಪ್ಪಗಿದ್ದದ್ದು ತೊಟ್ಟಿಗೆ, ಉಳಿದದ್ದು ವಾಪಸು ಕೊಳಕ್ಕೆ. ಕೇಂದ್ರ ಶುರುವಾದಾಗ ಯಜಮಾನ ತಾನೇ ಡ್ರಮ್ಮುಗಳಲ್ಲಿ ತುಂಬಿಸಿಕೊಂಡು ತಂದ ಗಂಡುಗಳೇ ಎಲ್ಲಕ್ಕಿಂತ ದಪ್ಪಗಿದ್ದವು. ಅವುಗಳಿಗೆ ಅವನು ಪೈಲ್ವಾನರು ಎಂದು ಹೆಸರಿಟ್ಟಿದ್ದ. ಬಂದವರಿಗೆ ಅವನ್ನೇ ಮೊದಲು ತೋರಿಸುತ್ತಿದ್ದ. ಹೆಣ್ಣುಗಳು ಬಂದವು, ಹೋದವು. ಪೈಲ್ವಾನರು ಹಂಗಾಮಿನಿಂದ ಹಂಗಾಮಿಗೆ ಅವೇ ಇದ್ದವು.

ಹತ್ತನೆಯ ವರ್ಷ ಜಾಡಿಗಳು ಬೆಳ್ಳಗಾಗತೊಡಗಿದವು.

ಮೊದಲು ನೀರನ್ನು ದೂರಿದರು, ಆಮೇಲೆ ಇಂಜೆಕ್ಷನ್ನನ್ನು. ಪಂಪು ಬಿಚ್ಚಿ ತೊಳೆದರು, ಔಷಧಿಯ ಕಂಪನಿ ಬದಲಾಯಿಸಿದರು. ಜಾಡಿಯಲ್ಲಿ ಮಾತ್ರ ಪ್ರತಿ ಸಲ ಅರ್ಧಕ್ಕಿಂತ ಹೆಚ್ಚು ಬಿಳಿ. ಬಿಳಿ ಮೊಟ್ಟೆಗೆ ಹತ್ತಿಯಂಥ ಬೂಸ್ಟು ಹಿಡಿಯುತ್ತದೆ, ಬೂಸ್ಟು ಪಕ್ಕದ ಒಳ್ಳೆಯ ಮೊಟ್ಟೆಯನ್ನೂ ತಿನ್ನುತ್ತದೆ. ಮರಿಗೆಂದು ಬಂದವರು ಅರ್ಧ ಡಬ್ಬಿ ತುಂಬಿಸಿಕೊಂಡು ಗೊಣಗುತ್ತ ಹೋದರು. ದೂರಲು ಬೇರೇನೂ ಉಳಿಯದಿದ್ದಾಗ ಅತ್ತೆ ಬಾಯಿಬಿಟ್ಟಳು.

“ತನ್ನ ಹೊಟ್ಟೇಲೇ ಕಟ್ಟದೋಳ ಕೈಲಿ ಮೀನಿಂದು ಕಟ್ಟುತ್ತಾ?”

“ಒಂಬತ್ತು ವರ್ಷ ಕಟ್ಟಿತಲ್ಲ ಅತ್ತೆ.”

“ಆಗ ನಿನ್ನ ಮೇಲೂ ಇನ್ನೂ ಆಸೆ ಇತ್ತು.”

ಆಸೆ ಇದ್ದ ಕಾಲದಲ್ಲಿ ಗಂಡ ಹೆಂಡತಿ ಪೇಟೆಯ ಡಾಕ್ಟರಮ್ಮನ ಹತ್ತಿರ ಹೋಗಿದ್ದರು. ಡಾಕ್ಟರಮ್ಮ ಇವಳನ್ನು ಪರೀಕ್ಷೆ ಮಾಡಿ, ಇವಳಲ್ಲೇನೂ ಕಾಣುತ್ತಿಲ್ಲ ಎಂದು ಹೇಳಿ, ಅವನ ಕೈಗೆ ಮುಚ್ಚಳದ ಸಣ್ಣ ಡಬ್ಬಿಯೊಂದನ್ನು ಕೊಟ್ಟು ಲ್ಯಾಬಿಗೆ ಕಳಿಸಿದ್ದಳು. ಅವನು ಬೇಗನೆ ವಾಪಸು ಬಂದು “ಲ್ಯಾಬ್ ಮುಚ್ಚಿದೆ” ಎಂದ. ಮತ್ತೊಮ್ಮೆ ಹೋಗಲಿಲ್ಲ. ಆ ಡಬ್ಬಿಯಲ್ಲಿ ಬಹಳ ದಿನ ಗಾಡಿಯ ನಟ್ಟು ಬೋಲ್ಟು ಇಟ್ಟುಕೊಂಡಿದ್ದ.

ತನ್ನ ಕೈ ಉಳಿಸಿಕೊಳ್ಳಲು ಅವಳೇ ಒಂದು ಕಾರಣ ಹುಡುಕಿದಳು. ತೊಟ್ಟಿಯ ಹತ್ತಿರ ಕೂತು ತಂತಿಗಳನ್ನು ನೋಡಿದಳು. ಹೆಚ್ಚು ಕೆಂಪು, ಹೆಚ್ಚು ಹಸಿರು. ಊಟದ ಹೊತ್ತಿಗೆ ಮಾವನಿಗೆ ಹೇಳಿದಳು.

“ಕೈ ಅಲ್ಲ ಮಾವ. ಹೆಣ್ಣು ಮೀನುಗಳಿಗೆ ವಯಸ್ಸಾಗಿದೆ.”

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ” ಎಂದಳು ಅತ್ತೆ.

ಆದರೆ ಯಜಮಾನ ಊಟ ನಿಲ್ಲಿಸಿ ಯೋಚಿಸಿದ. ಹೆಣ್ಣಿಗೆ ವಯಸ್ಸಾಗಿದೆ ಎಂಬ ಮಾತನ್ನು ಒಪ್ಪಿಕೊಳ್ಳಲು ಅವನಿಗೆ ಕಷ್ಟವಾಗಲಿಲ್ಲ. “ಇದ್ದರೂ ಇರಬಹುದು. ಮುದಿ ಆದ್ಮೇಲೆ ಏನು ಕಟ್ಟುತ್ತೆ. ತೆಗೆದುಬಿಡೋಣ.”

ಗಂಡ ಅನ್ನದಿಂದ ತಲೆಯೆತ್ತಲಿಲ್ಲ. “ಹೂಂ, ತೆಗೆದುಬಿಡೋಣ” ಎಂದ.

ವಾರದೊಳಗೆ ಮೀನು ವ್ಯಾಪಾರಿ ಐಸ್ ಪೆಟ್ಟಿಗೆಗಳ ಸಮೇತ ಬಂದ. ಬಲೆಗಾರ ಕೊಳಕ್ಕಿಳಿದು ಬಲೆ ಎಳೆದ. ಅವಳು ದಡದಲ್ಲಿ ನಿಂತು ಒಂದೊಂದರ ರೆಕ್ಕೆ ನೋಡಿ ಹೇಳುತ್ತ ಹೋದಳು. ಕೆಂಪು, ಹೋಗಲಿ. ಹಸಿರು, ಹೋಗಲಿ. ಇದೂ ಹಸಿರು. ಬಲೆಗಾರ ತಂತಿಯನ್ನು ಇಕ್ಕಳದಿಂದ ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಪಾಪ ಅನ್ನಿಸಿದರೂ ಅವಳು ನಿಲ್ಲಿಸಲಿಲ್ಲ. ಒಂದೊಂದು ಮೀನು ಪೆಟ್ಟಿಗೆಗೆ ಬಿದ್ದಾಗಲೂ ತನ್ನ ಮೇಲಿನ ಮಾತೊಂದು ಕಡಿಮೆಯಾದ ಹಾಗೆ ಅನ್ನಿಸುತ್ತಿತ್ತು.

“ಹೊಟ್ಟೆ ತುಂಬ ಮೊಟ್ಟೆ ಇದೆಯಲ್ಲಮ್ಮ” ವ್ಯಾಪಾರಿ ಒಂದನ್ನು ಎತ್ತಿ ಹಿಡಿದು ಹೇಳಿದ. “ಇಂಥದನ್ನ ಯಾರಾದ್ರೂ ಕೊಡ್ತಾರಾ?”

“ಮೊಟ್ಟೆ ಇದ್ದರೆ ಆಯ್ತಾ? ಕಟ್ಟಬೇಕಲ್ಲ.”

“ನಂಗೇನು, ತಿನ್ನೋರಿಗೆ ಕಟ್ಟಿದ್ರೇನು ಕಟ್ಟದಿದ್ರೇನು.”

ಇಪ್ಪತ್ತಾರು ಮೀನು ಪೆಟ್ಟಿಗೆ ಸೇರಿದವು. ಇಪ್ಪತ್ತೇಳನೆಯದು, ಕೆಂಪು ತಂತಿಯ ಭಾರೀ ಹೆಣ್ಣು, ಬಲೆಯ ಅಂಚಿನ ಮೇಲಿಂದ ಹಾರಿ ಕೊಳದ ನಡುವಿಗೆ ಬಿತ್ತು. ಬಲೆಗಾರ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಅಜ್ಜಿ ಓಡಿಹೋದ್ಲು. ಇನ್ನೊಂದು ಸಲ ಎಳೀಬೇಕಾ ಅಕ್ಕ? ನಂಗೆ ಸೊಂಟ ಬಿದ್ದುಹೋಗಿದೆ.”

“ಬಿಡು” ಎಂದಳು.

ಅಂದು ಆ ಇಪ್ಪತ್ತಾರರಲ್ಲಿ ಒಂದು ಮೀನನ್ನು ಮನೆಗೂ ಇಟ್ಟುಕೊಂಡರು. ಮೊಟ್ಟೆಯ ಗೊಂಚಲನ್ನು ಅತ್ತೆ ಬೇರೆಯಾಗಿ ಹುರಿದಳು. ಚೆನ್ನಾಗಿತ್ತು. ಗಂಡ ಎರಡು ಸಲ ಹಾಕಿಸಿಕೊಂಡ.

ಜಾಗ ತುಂಬಲು ಯಜಮಾನ ಎಳೆಯ ಹೆಣ್ಣುಗಳನ್ನು ತರಿಸಿದ. ಮೊದಲ ಸಲ ಹೊಟ್ಟೆ ತುಂಬಿದವು ಅವು. ಮೈ ಮಿರಮಿರ ಮಿಂಚುತ್ತಿತ್ತು. ಅವನೇ ಕೂತು ಬಿಳಿ ತಂತಿ ಕಟ್ಟಿದ. ಹಿಂಡಿದಾಗ ಅವಳಿಗೆ ಬೋಗುಣಿಯಲ್ಲೇ ವ್ಯತ್ಯಾಸ ಕಂಡಿತು. ಹಳೆಯ ಹೆಣ್ಣುಗಳ ಮೊಟ್ಟೆ ಸಾಸಿವೆಯ ಗಾತ್ರಕ್ಕಿತ್ತು. ಇದು ಗಸಗಸೆ. ಜಾಡಿಯಲ್ಲಿ ಮತ್ತೆ ಬಿಳಿ. ಕಟ್ಟಿದ ಸ್ವಲ್ಪದರಿಂದ ಹೊರಬಂದ ಮರಿಗಳು ಕೂದಲೆಳೆಯ ಹಾಗಿದ್ದವು. ತೊಟ್ಟಿಯ ಗೋಡೆಗೆ ಅಂಟಿಕೊಂಡು, ಆಹಾರ ತೆಗೆದುಕೊಳ್ಳುವ ಮೊದಲೇ ಸತ್ತು, ಜಾಲರಿಯ ಮೇಲೆ ಕೆನೆಯ ಹಾಗೆ ಕೂಡಿದವು.

“ಮೊದಲು ಮೀನು ಮುದಿ ಅಂದೆ. ಈಗ ಏನಂತೀಯ?” ಯಜಮಾನ ಕೇಳಿದ.

“ಇವು ತೀರಾ ಎಳೇವು ಮಾವ. ಮೊದಲ್ನೇ ಸಲದ್ದು ಹೀಗೇ ಇರುತ್ತೆ ಅನ್ಸುತ್ತೆ. ಇನ್ನೆರಡು ವರ್ಷ ಹೋದ್ರೆ—”

“ಹಳೇದಾದ್ರೆ ಮುದಿ, ಹೊಸದಾದ್ರೆ ಎಳೇದು. ನಿನ್ನ ಕೈಗೆ ಸರಿಹೋಗೋ ಮೀನನ್ನ ಎಲ್ಲಿಂದ ತರ್ಲಮ್ಮ?”

ಇಪ್ಪತ್ತಾರು ಹೆಣ್ಣುಗಳನ್ನು ಕಳಿಸಿದವಳು ಅವಳೇ. ಇನ್ನು ಮೀನನ್ನು ದೂರುವ ಹಾಗಿರಲಿಲ್ಲ.

ಮುಂದಿನ ಸಲಕ್ಕೆ ಚಿಕ್ಕ ಸೊಸೆಯನ್ನು ಶೆಡ್ಡಿಗೆ ಕರೆತಂದರು. ಅವಳಿಗೊಂದು ಹೆಣ್ಣು ಮಗುವಿತ್ತು, ಎರಡನೆಯದು ಹೊಟ್ಟೆಯಲ್ಲಿತ್ತು, ತಿಂಗಳು ತುಂಬುತ್ತ ಬಂದಿತ್ತು. ಅದಕ್ಕಿಂತ ಒಳ್ಳೆಯ ಕೈ ಬೇಕೇ ಎಂಬುದು ಅತ್ತೆಯ ಲೆಕ್ಕ. ಚಿಕ್ಕವಳು ಮೂಗಿಗೆ ಸೆರಗು ಒತ್ತಿಕೊಂಡು ಬಂದು ಸ್ಟೂಲಿನ ತುದಿಯಲ್ಲಿ ಕೂತಳು.

“ಅಕ್ಕ, ನಂಗೆ ಈ ವಾಸನೇನೇ ಆಗಲ್ಲ. ನೀನೇ ಮಾಡು, ನಾನು ಸುಮ್ನೆ ಕೈ ಇಟ್ಟಿರ್ತೀನಿ.”

“ನನ್ನ ಕೈ ತಾಗಿದ್ರೆ ಬೆಳ್ಳಗಾಗುತ್ತಂತೆ. ನೀನೇ ಒತ್ತು. ಮೆಲ್ಲಗೆ. ಹಾಗಲ್ಲ, ಮೇಲಿಂದ ಕೆಳಗೆ.”

ಮೀನು ಬಾಲ ಬಡಿಯಿತು. ಲೋಳೆ ಚಿಕ್ಕವಳ ಮುಖಕ್ಕೆ ಹಾರಿತು. ಅವಳು ಎದ್ದು ಮೋರಿಯ ಹತ್ತಿರ ಓಡಿ ವಾಂತಿ ಮಾಡಿಕೊಂಡಳು. ಬಲೆಗಾರ ಆ ಕಡೆ ತಿರುಗಿ ನಗು ನುಂಗಿದ. ಉಳಿದದ್ದನ್ನು ದೊಡ್ಡವಳೇ ಹಿಂಡಬೇಕಾಯಿತು. ಮರುದಿನ ಜಾಡಿ ಬೆಳ್ಳಗಿತ್ತು. ಚಿಕ್ಕವಳು ಪೂರ್ತಿ ಹಿಂಡಲಿಲ್ಲವಲ್ಲ, ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ತೀರ್ಮಾನವಾಯಿತು.

ಹಂಗಾಮಿನಲ್ಲಿ ಒಂದೇ ಸರದಿ ಉಳಿದಿತ್ತು. ಯಜಮಾನ ಜಗಲಿಯಲ್ಲಿ ಕೂತು, ಮಗನನ್ನೂ ಎದುರಿಗಿಟ್ಟುಕೊಂಡು ಹೇಳಿದ.

“ಇದೊಂದು ನೋಡ್ತೀನಿ. ಇದೂ ಬಿಳಿ ಆದ್ರೆ ನೀನು ಶೆಡ್ಡಿಗೆ ಬರ್ಬೇಡ. ಚಿಕ್ಕೋಳು ಹೆತ್ತು ಎದ್ದ ಮೇಲೆ ಅವಳೇ ಮಾಡ್ತಾಳೆ.”

“ಮತ್ತೆ ನಾನು?”

“ನೀನು ಸ್ವಲ್ಪ ದಿನ ನಿಮ್ಮಣ್ಣನ ಮನೆಗೆ ಹೋಗಿರು. ಆಮೇಲಿಂದು ಆಮೇಲೆ.”

ಆಮೇಲಿನದು ಏನೆಂದು ಎಲ್ಲರಿಗೂ ಗೊತ್ತಿತ್ತು. ಅತ್ತೆ ಆಗಲೇ ದೂರದ ಸಂಬಂಧದಲ್ಲಿ ಹುಡುಗಿ ಇದ್ದಾಳೆಯೇ ಎಂದು ಕೇಳಿ ನೋಡಿದ್ದಳು. ದೊಡ್ಡ ಸೊಸೆ ಗಂಡನ ಮುಖ ನೋಡಿದಳು. ಅವನು ಉಗುರಿನ ಸಂದಿಯ ಕೆಸರು ತೆಗೆಯುತ್ತಿದ್ದ.

ಕೊನೆಯ ಸರದಿಗೆ ಬಲೆ ಎಳೆದಾಗ ಅಜ್ಜಿ ಸಿಕ್ಕಳು. ತಂತಿಯ ಕೆಂಪು ಬಣ್ಣ ಕಿತ್ತುಹೋಗಿ ಅಲ್ಲಲ್ಲಿ ಮಾತ್ರ ಉಳಿದಿತ್ತು. ಹೊಟ್ಟೆ ಉಬ್ಬಿತ್ತು. ಅದನ್ನೇ ಹಾಕಿ, ಹೋಗುವುದೇನಿದೆ ಎಂದ ಯಜಮಾನ. ಅದಕ್ಕೊಬ್ಬ ಪೈಲ್ವಾನನನ್ನು ಅವನೇ ಆರಿಸಿಕೊಟ್ಟ. ಬಲೆಯಲ್ಲಿ ಒಂದು ಚಿಕ್ಕ ಗಂಡೂ ಬಂದಿತ್ತು. ಅದನ್ನು ವಾಪಸು ಎಸೆಯುವಷ್ಟರಲ್ಲಿ ಮನೆಯ ಕಡೆಯಿಂದ ಕೂಗು ಬಂದು ಬಲೆಗಾರ ಅದನ್ನು ಮೂಲೆಯ ತೊಟ್ಟಿಗೆ ಬಿಟ್ಟು ಓಡಿದ. ಚಿಕ್ಕ ಸೊಸೆಗೆ ನೋವು ಶುರುವಾಗಿತ್ತು. ಚಿಕ್ಕ ಮಗ ಮರಿ ಸಾಗಿಸಲು ಬೇರೆ ಊರಿಗೆ ಹೋಗಿದ್ದ. ದೊಡ್ಡವಳ ಗಂಡ ಆತುರಾತುರವಾಗಿ ಮೀನುಗಳಿಗೆ ಇಂಜೆಕ್ಷನ್ ಚುಚ್ಚಿ, ಗಾಡಿ ತೆಗೆದು, ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ.

ಚುಚ್ಚಿದ ಮೇಲೆ ಮೀನು ಯಾರಿಗೂ ಕಾಯುವುದಿಲ್ಲ. ಬೆಳಿಗ್ಗೆ ಅವಳೂ ಬಲೆಗಾರನೂ ಇಬ್ಬರೇ ಶೆಡ್ಡಿನಲ್ಲಿದ್ದರು. ಅಜ್ಜಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒತ್ತಿದಳು. ಮೊಟ್ಟೆ ತಡವರಿಸದೆ ಸುರಿಯಿತು. ಸಾಸಿವೆಯ ಗಾತ್ರ, ಹೊಳಪು, ಒಂದಕ್ಕೊಂದು ಅಂಟದೆ. ಒಂದು ಬೋಗುಣಿ ತುಂಬಿ ಇನ್ನೊಂದಕ್ಕೂ ಬಂತು. ಇಂಥ ಮೊಟ್ಟೆಯನ್ನೇ ತಾನು ಪೆಟ್ಟಿಗೆ ತುಂಬಿಸಿ ಕಳಿಸಿದೆ ಎಂದು ಅವಳಿಗೆ ಆಗ ಅರ್ಥವಾಯಿತು.

ಪೈಲ್ವಾನನನ್ನು ಹಿಡಿದರು. ಮೊದಲ ಬೋಗುಣಿಗೆ ನಾಲ್ಕು ಹನಿ ಬಿದ್ದು ಹರಡಿತು. ಎರಡನೆಯದಕ್ಕೆ ಎಷ್ಟು ಒತ್ತಿದರೂ ಏನೂ ಬರಲಿಲ್ಲ.

“ಪೈಲ್ವಾನ್ ಖಾಲಿ” ಎಂದ ಬಲೆಗಾರ. “ಈಗೇನು ಮಾಡೋದು? ಇಷ್ಟೂ ಮೋರಿಗೇನಾ?”

“ಮೂಲೆ ತೊಟ್ಟೀಲಿ ನಿನ್ನೇದು ಒಂದಿದೆಯಲ್ಲ.”

“ಅದಕ್ಕೆ ಚುಚ್ಚಿಲ್ಲ. ಅದಿನ್ನೂ ಬಚ್ಚಾ ಅಕ್ಕ. ಯಜಮಾನ್ರು ನೋಡಿದ್ರೆ ನನ್ನನ್ನೇ ಹಿಂಡ್ತಾರೆ.”

“ಯಜಮಾನ್ರು ಇಲ್ವಲ್ಲ. ತಾ.”

ಚಿಕ್ಕ ಗಂಡು ಮೊಣಕೈ ಉದ್ದವಿತ್ತು. ಕೈಗೆ ತೆಗೆದುಕೊಳ್ಳುತ್ತಿದ್ದ ಹಾಗೇ, ಒತ್ತುವ ಮೊದಲೇ ಹಾಲು ಚಿಮ್ಮಿತು. ಪೈಲ್ವಾನನ ನಾಲ್ಕು ಹನಿ ತೆಳುವಾದ ಮಜ್ಜಿಗೆಯ ಹಾಗಿತ್ತು. ಇದು ಎಮ್ಮೆಯ ಗಟ್ಟಿ ಹಾಲು. ಅವಳೂ ಬಲೆಗಾರನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಒಂದು ಗರಿಯಿಂದ ಒಂದು ಬೋಗುಣಿಯನ್ನು, ಇನ್ನೊಂದು ಗರಿಯಿಂದ ಇನ್ನೊಂದನ್ನು ಕಲಸಿದಳು. ಎರಡು ಜಾಡಿಗೆ ಬೇರೆ ಬೇರೆ ಹಾಕಿದಳು. ನೀರಿನ ನಲ್ಲಿಗಳನ್ನು ಒಂದೇ ಸಮ ತಿರುಗಿಸಿಟ್ಟಳು.

ಮರುದಿನ ಬೆಳಿಗ್ಗೆ ಮೊದಲ ಜಾಡಿ ಬೆಳ್ಳಗಿತ್ತು. ಎರಡನೆಯದು ಬುಡದಿಂದ ಬಾಯಿಯವರೆಗೆ ಜೇನಿನ ಬಣ್ಣದಲ್ಲಿ ಸುಳಿ ತಿರುಗುತ್ತಿತ್ತು. ಅವಳು ಗಾಜಿಗೆ ಹಣೆ ಹಚ್ಚಿ ನೋಡಿದಳು. ಬಿಳಿಯದನ್ನು ಹುಡುಕಬೇಕಾಗಿತ್ತು.

ಗಾಡಿ ಬಂದ ಸದ್ದಾಯಿತು. ಗಂಡು ಮಗು ಹುಟ್ಟಿತ್ತು. ಯಜಮಾನ ಸಿಹಿಯ ಡಬ್ಬಿ ಹಿಡಿದುಕೊಂಡು ನೇರ ಶೆಡ್ಡಿಗೇ ಬಂದ. ಹಿಂದೆ ಅತ್ತೆ, ಅವಳ ಹಿಂದೆ ಗಂಡ.

“ಇನ್ನೊಬ್ಬ ಪೈಲ್ವಾನ್ ಬಂದ ಕಣ್ರೋ ಮನೆಗೆ. ಬಾಯಿ ತೆಗಿ” ಎಂದು ಬಲೆಗಾರನ ಬಾಯಿಗೆ ಒಂದು ತುಂಡು ತುರುಕಿದ. ಆಮೇಲೆ ಜಾಡಿ ನೋಡಿದ. “ಅರೆ. ಇದು ಚೆನ್ನಾಗಿದೆಯಲ್ಲ. ಮಗು ಕಾಲ್ಗುಣ.”

“ಮಾವ, ಎರಡೂ ಜಾಡಿ ನೋಡಿ. ಎರಡೂ ಒಂದೇ ಮೀನಿನ ಮೊಟ್ಟೆ. ಆ ಕೆಂಪು ತಂತೀದು.”

“ಸರಿ.”

“ಹಿಂಡಿದ್ದು ಒಟ್ಟಿಗೆ. ನೀರು ಒಂದೇ. ಕೈನೂ ಒಂದೇ, ನಂದೇ. ಬೇರೆ ಆಗಿದ್ದು ಗಂಡು ಮಾತ್ರ. ಈ ಬಿಳೀದು ನಿಮ್ಮ ಪೈಲ್ವಾನ್‌ದು. ಇದು ಒಂದು ಚಿಕ್ಕ ಗಂಡಿಂದು.”

ಯಜಮಾನ ಡಬ್ಬಿಯ ಮುಚ್ಚಳ ಹಾಕಿದ. “ಯಾರನ್ನ ಕೇಳಿ ಹಾಕ್ದೆ?”

“ಪೈಲ್ವಾನರಿಗೆ ವಯಸ್ಸಾಗಿದೆ ಮಾವ. ಹೆಣ್ಣುಗಳು ಸರಿಯಾಗೇ ಇದ್ದವು. ನಾನೂ ಹೆಣ್ಣನ್ನೇ ದೂರಿದೆ, ಕೊಲ್ಸಿದೆ. ಅದು ನನ್ನ ತಪ್ಪು. ಆದ್ರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಗಂಡಲ್ಲಿತ್ತು.”

ಅತ್ತೆ ಮೊದಲು ಎಚ್ಚೆತ್ತಳು.

“ಯಾರಿಗೆ ಹೇಳ್ತಿದ್ದೀಯ ನೀನು?”

“ಮೀನಿನ ಮಾತು ಅತ್ತೆ.”

“ಮೀನಿನ ಮಾತಂತೆ. ಮನೆಗೆ ಗಂಡು ಮಗು ಬಂದಿರೋ ದಿನ ಬಾಯಲ್ಲಿ ಬರೋ ಮಾತು ನೋಡು. ಹೊಟ್ಟೆಕಿಚ್ಚು.”

ಅಲ್ಲಿಗೆ ಅವಳು ಸುಮ್ಮನಾಗಬಹುದಿತ್ತು. ಜಾಡಿ ಎದುರಿಗೇ ಇತ್ತು, ಎರಡು ದಿನದಲ್ಲಿ ಮರಿ ಏಳುತ್ತಿದ್ದವು, ಯಜಮಾನ ಎಷ್ಟೇ ಹಟಮಾರಿಯಾದರೂ ತೊಟ್ಟಿ ತುಂಬ ಮರಿ ಕಂಡರೆ ಬಾಯಿ ಮುಚ್ಚುತ್ತಿದ್ದ. ಆದರೆ ವರ್ಷಗಟ್ಟಲೆ ಸುಮ್ಮನಿದ್ದವಳಿಗೆ ಅವತ್ತು ಸುಮ್ಮನಿರಲು ಆಗಲಿಲ್ಲ. ಗಂಡನ ಕಡೆ ತಿರುಗಿದಳು.

“ಲ್ಯಾಬ್ ಅವತ್ತು ಮುಚ್ಚಿರ್ಲಿಲ್ಲ ಅಲ್ವಾ ರೀ?”

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಿವಿ ಮಾತ್ರ ಕೆಂಪಾದವು. ಬಲೆಗಾರ ಬಾಯಿಯಲ್ಲಿದ್ದ ಸಿಹಿಯನ್ನು ಅಗಿಯದೆ ನಿಂತಿದ್ದ.

“ಹೋಗು, ಟೀ ಇಡು” ಎಂದ ಯಜಮಾನ. “ಎಲ್ರೂ ದಣಿದು ಬಂದಿದ್ದೀವಿ.”

ಅವಳು ಟೀ ಇಟ್ಟಳು. ಆಸ್ಪತ್ರೆಗೆ ಕಳಿಸಲು ಅಡುಗೆ ಮಾಡಿದಳು. ಬಾಣಂತಿಗೆ ಬಟ್ಟೆ ಮಡಿಚಿ ಚೀಲಕ್ಕೆ ತುಂಬಿದಳು. ಮತ್ತೆ ಶೆಡ್ಡಿಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಎರಡನೆಯ ಜಾಡಿಯಲ್ಲಿ ಸುಳಿ ಇರಲಿಲ್ಲ. ಅದರ ನಲ್ಲಿಯನ್ನು ಯಾರೋ ತಿರುಗಿಸಿ ನಿಲ್ಲಿಸಿದ್ದರು. ಪಕ್ಕದ ಬಿಳಿ ಜಾಡಿಯಲ್ಲಿ ನೀರು ಚೆನ್ನಾಗಿ ಉಕ್ಕುತ್ತಿತ್ತು. ನೀರು ಉಕ್ಕದೆ ಎರಡನೆಯದರ ಮೊಟ್ಟೆಯೆಲ್ಲ ಬುಡಕ್ಕೆ ಕೂತು ಮುದ್ದೆಗಟ್ಟಿತ್ತು. ನಲ್ಲಿ ತಿರುಗಿಸಿದಳು. ಮುದ್ದೆ ಇಡಿಯಾಗಿ ಎದ್ದು ಮಗುಚಿಕೊಂಡಿತು. ಒಳಗಿನಿಂದ ಬಿಳಿಯಾಗುತ್ತ ಬಂದಿತ್ತು. ಗರಿಯಿಂದ ಬಿಡಿಸಲು ನೋಡಿದಳು. ಉಸಿರಿಲ್ಲದ ಮೊಟ್ಟೆಯನ್ನು ಬಿಡಿಸಿದರೂ ಅಷ್ಟೆ.

ಬಲೆಗಾರ ಹೊರಗೆ ಬಾಗಿಲ ಎದುರಿಗೇ ಬಲೆ ತೊಳೆಯುತ್ತಿದ್ದ.

“ಯಾರು ನಿಲ್ಲಿಸಿದ್ದು ನಲ್ಲಿ?”

“ನಾನು ಬಲೆ ತೊಳೀತಿದ್ದೆ ಅಕ್ಕ.”

“ಒಳಗೆ ಯಾರು ಬಂದಿದ್ರು ಅಂತ ಕೇಳಿದ್ದು.”

“ಬಲೆ ತೊಳೀತಿದ್ದೆ ಅಂದ್ನಲ್ಲ.” ಅವನು ಮುಖ ಎತ್ತಲಿಲ್ಲ. “ನಂಗೂ ಮನೆ ಇದೆ, ಹೆಂಡ್ತಿ ಇದ್ದಾಳೆ. ನನ್ನ ಕೇಳ್ಬೇಡ.”

ಅವಳಿಗೆ ಅಷ್ಟು ಸಾಕಾಯಿತು. ಗಾಡಿಯ ಹತ್ತಿರ ಹೋದಳು. ಗಂಡ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಅವಳು ಬಂದು ನಿಂತದ್ದು ಗೊತ್ತಾದರೂ ಹೊಡೆಯುತ್ತಲೇ ಇದ್ದ.

“ಕೇಳಿದ್ದಕ್ಕೆ ಮುಚ್ಚಿತ್ತು ಅಂದಿದ್ರೆ ಸಾಕಿತ್ತು” ಎಂದಳು. “ನಾನು ನಂಬ್ತಿದ್ದೆ. ಇಷ್ಟು ದಿನ ನಂಬಿರ್ಲಿಲ್ವಾ?”

ಅವನು ಪಂಪು ತೆಗೆದು ಚಕ್ರವನ್ನು ಕಾಲಿನಿಂದ ಒದ್ದು ನೋಡಿದ. ಗಾಳಿ ಸರಿಯಾಗಿತ್ತು.

ಸಂಜೆ ಯಜಮಾನ ಶೆಡ್ಡಿಗೆ ಬಂದು ಎರಡು ಜಾಡಿಗಳ ಮುಂದೆ ಬಹಳ ಹೊತ್ತು ನಿಂತ. ನಲ್ಲಿಯನ್ನು ಒಮ್ಮೆ ಮುಟ್ಟಿ ನೋಡಿದ. ಇಷ್ಟು ವರ್ಷ ಜಾಡಿ ನೋಡಿದವನಿಗೆ ಉಸಿರುಗಟ್ಟಿ ಸತ್ತ ಮೊಟ್ಟೆ ಯಾವುದು, ಫಲ ಕಟ್ಟದ್ದು ಯಾವುದು ಎಂದು ಗೊತ್ತಾಗದೆ ಇರುವುದಿಲ್ಲ. ಆಮೇಲೆ ಅವಳನ್ನು ಕರೆಸಿದ.

“ಎರಡೂ ಬಿಳಿ” ಎಂದ. “ಕೈ ಒಂದೇ ಅಂದ್ಯಲ್ಲ. ನಿಜ.”

ಜಾಡಿಗಳನ್ನು ಮೋರಿಗೆ ಸುರಿದವನು ಬಲೆಗಾರ. ಅಜ್ಜಿಯನ್ನು ಮಾರನೆಯ ದಿನ ವ್ಯಾಪಾರಿಗೆ ಕೊಟ್ಟರು. ಅದನ್ನು ಒಯ್ದ ಗಾಡಿಯಲ್ಲೇ ದೊಡ್ಡ ಸೊಸೆಯನ್ನು ಅಣ್ಣನ ಊರಿನ ಬಸ್ಸಿನವರೆಗೆ ಬಿಟ್ಟುಬಂದರು. ಚಿಕ್ಕ ಸೊಸೆ ಆಸ್ಪತ್ರೆಯಿಂದ ಬಂದವಳು ಅಕ್ಕ ಎಲ್ಲಿ ಎಂದು ಕೇಳಿದಳು. ಯಾರೂ ಹೇಳದಿದ್ದಾಗ ಮತ್ತೆ ಕೇಳಲಿಲ್ಲ. ಅವಳಿಗೆ ಮುಂದಿನ ಹಂಗಾಮಿನ ಹೆದರಿಕೆ ಇತ್ತು. ಮೂಲೆಯ ತೊಟ್ಟಿಯ ಚಿಕ್ಕ ಗಂಡನ್ನು ವಾಪಸು ಕೊಳಕ್ಕೆ ಬಿಡಲಾಯಿತು, ಇನ್ನೂ ಬಲಿಯಲಿ ಎಂದು. ಯಜಮಾನ ಹೊಸ ಹೆಣ್ಣುಗಳಿಗೆ ಹೇಳಿಕಳಿಸಿದ. ನೀಲಿ ತಂತಿ ತರಿಸಿಟ್ಟ.

ಆ ವರ್ಷ ಆ ಕೇಂದ್ರದಿಂದ ಹೋದದ್ದು ಇಷ್ಟು. ಹೆಣ್ಣು ಮೀನು ಇಪ್ಪತ್ತೇಳು. ಫಲ ಕಟ್ಟಿದ ಮೊಟ್ಟೆ ಒಂದು ಜಾಡಿ. ಸೊಸೆ ಒಬ್ಬಳು. ಗಂಡು ಒಂದೂ ಇಲ್ಲ.